ಲೇಔಟ್ ಹಾಕೋಕೆ ಮುಂಚೆ ಹಳ್ಳ ಎಲ್ಲಿದೆ ನೋಡಿ

ಮಾಸ್ಟರ್ ಪ್ಲಾನ್ ನಕ್ಷೇಲಿ ಮನೆಗಳಿಗೆ ಹಳದಿ, ಅಂಗಡಿಗೆ ನೀಲಿ, ಇಂಡಸ್ಟ್ರಿಗೆ ನೇರಳೆ, ಪಾರ್ಕಿಗೆ ಹಸಿರು ಅಂತ ಬಣ್ಣ ಹಚ್ಚಿರ್ತಾರೆ. ಮೈಸೂರು ಸುತ್ತಮುತ್ತ ಪ್ಲಾನಿಂಗ್ ಕೆಲಸ ಮಾಡ್ತಾ ಮಾಡ್ತಾ ನಂಗೆ ಕಂಡಿದ್ದೇನಂದ್ರೆ, ಮುಂದೆ ಅಲ್ಲಿ ಏನು ಬರ್ಬೇಕು ಅನ್ನೋದು ಆ ಬಣ್ಣದಲ್ಲಿ ಗೊತ್ತಾಗುತ್ತೆ, ಆದ್ರೆ ಈಗ ಆ ಜಾಗ ಏನು ಕೆಲಸ ಮಾಡ್ತಿದೆ ಅನ್ನೋದು ನಕ್ಷೇಲಿ ಎಲ್ಲೂ ಇರಲ್ಲ. ಮಳೆ ನೀರು ಇಂಗಿಸೋದು, ಕೆಳಗಿನ ಕೆರೆಗೆ ನೀರು ಕಳಿಸೋದು, ದನ ಕುರಿಗೆ ಮೇವು ಕೊಡೋದು, ಪಕ್ಕದ ತೋಟಕ್ಕೆ ಬರೋ ಜೇನಿಗೆ ಗೂಡು ಕಟ್ಟೋಕೆ ಜಾಗ ಕೊಡೋದು, ಇದ್ಯಾವುದಕ್ಕೂ ಒಂದು ಬಣ್ಣ ಇಲ್ಲ.

ಪಹಣೀಲಿ ಖರಾಬು ಅಂತ ಒಂದು ಲೆಕ್ಕ ಇರುತ್ತಲ್ಲ, ಅದನ್ನ ನೋಡಿ. ಅ-ಖರಾಬು ಅಂದ್ರೆ ಬೇಸಾಯಕ್ಕೆ ಆಗದ ಜಾಗ, ಬ-ಖರಾಬು ಅಂದ್ರೆ ಹಳ್ಳ, ಕಾಲುವೆ, ಬಂಡಿದಾರಿ ಥರ ಸಾರ್ವಜನಿಕ ಬಳಕೆಗೆ ಬಿಟ್ಟಿರೋದು. ಬೇಸಾಯದ ಜಮೀನನ್ನ ಬೇರೆ ಬಳಕೆಗೆ ಬದಲಾಯಿಸೋ ಕನ್ವರ್ಷನ್ ಫೈಲ್ ಬಂದಾಗ ಎಲ್ಲರ ಕಣ್ಣೂ ಖರಾಬು ಕಳೆದು ಎಷ್ಟು ಗುಂಟೆ ಉಳೀತು ಅನ್ನೋದರ ಮೇಲೇ ಇರುತ್ತೆ, ಆದ್ರೆ ನೀರು ಹರಿಯೋದು, ಹೊಂಗೆ ಲಕ್ಕಿ ಪೊದೆ ಬೆಳೆಯೋದು, ನವಿಲು ಮುಂಗುಸಿ ಓಡಾಡೋದು ಎಲ್ಲಾ ಆ ಕಳೆದುಹಾಕಿದ ಗುಂಟೆಗಳಲ್ಲೇ. ಅದೂ ಅಲ್ದೆ ಕನ್ವರ್ಷನ್ ಆಗೋದು ಒಂದೊಂದೇ ಸರ್ವೆ ನಂಬರ್‌ಗೆ. ಒಂದು ಫೈಲಲ್ಲಿ ನೋಡಿದ್ರೆ ಎರಡು ಎಕರೆ, ಏನೂ ತೊಂದ್ರೆ ಇಲ್ಲ ಅನ್ಸುತ್ತೆ, ಹಂಗೆ ಒಂದೇ ಹಳ್ಳದ ಎರಡೂ ಬದಿ ಮೂವತ್ತು ನಲವತ್ತು ಫೈಲ್ ಪಾಸಾದ್ಮೇಲೆ ಒಟ್ಟು ಏನಾಯ್ತು ಅಂತ ಯಾರೂ ಕೂಡಿಸಿ ನೋಡಿರಲ್ಲ.

ಲೆಕ್ಕ ಕಷ್ಟ ಏನಿಲ್ಲ. ಒಂದು ಎಕರೆ ಮೇಲೆ 5 ಸೆಂ.ಮೀ. ಮಳೆ ಬಿದ್ರೆ ಸುಮಾರು 2 ಲಕ್ಷ ಲೀಟರ್ ನೀರು, 20 ಎಕರೆ ಲೇಔಟ್ ಆದ್ರೆ 40 ಲಕ್ಷ ಲೀಟರ್. ಗೋಮಾಳವಾಗಿದ್ದಾಗ ಅದರಲ್ಲಿ ಒಂದು ಪಾಲು ಮಣ್ಣಿಗೆ ಇಳೀತಿತ್ತು, ಉಳಿದಿದ್ದು ನಿಧಾನಕ್ಕೆ ಹರಿದು ಕೆರೆ ಸೇರ್ತಿತ್ತು. ಡಾಂಬರು, ಕಾಂಕ್ರೀಟು, ಟೈಲ್ಸ್ ಹಾಕಿದ್ಮೇಲೆ ಹೆಚ್ಚೂಕಮ್ಮಿ ಪೂರ್ತಿ ನೀರು ಒಂದೇ ಸಲ ಚರಂಡಿಗೆ ನುಗ್ಗುತ್ತೆ. ಕೆಳಗಿನ ಬಡಾವಣೆಯವರ ಮನೆಗೆ ನೀರು ನುಗ್ಗೋದೂ, ಮೇಲಿನವರ ಬೋರ್‌ವೆಲ್ ಬತ್ತೋದೂ ಎರಡಕ್ಕೂ ಇದೇ ಕಾರಣ, ಆಮೇಲೆ ಟ್ಯಾಂಕರ್‌ಗೆ ಕೊಡೋ ದುಡ್ಡು ಲೇಔಟ್ ಪ್ಲಾನಿನ ಖರ್ಚಿನ ಪಟ್ಟೀಲಿ ಬರಲ್ಲ.

ಮೈಸೂರು ನಗರ ಕೂತಿರೋದೇ ಒಂದು ದಿಣ್ಣೆ ಮೇಲೆ, ಉತ್ತರಕ್ಕೆ ಬಿದ್ದ ನೀರು ಕಾವೇರಿ ಕಡೆ, ದಕ್ಷಿಣಕ್ಕೆ ಬಿದ್ದಿದ್ದು ಕಪಿಲೆ (ಕಬಿನಿ) ಕಡೆ. ಹಾಗಾಗಿ ನಮ್ಮ ಕೆರೆಗಳಿಗೆ ದೊಡ್ಡ ಹೊಳೆ ನೀರು ಬರಲ್ಲ, ಸುತ್ತಲಿನ ಇಳಿಜಾರಿನ ಮಳೆ ನೀರೇ ಗತಿ. ಕುಕ್ಕರಹಳ್ಳಿ ಕೆರೆಗೆ ಪೂರ್ಣಯ್ಯ ನಾಲೆ ನೀರು ತರ್ತಿತ್ತು, ಊರು ಬೆಳೀತಾ ಅದು ಅಲ್ಲಲ್ಲಿ ಮುಚ್ಚಿಹೋಯ್ತು. ಕೆರೆಗೆ ಬೇಲಿ ಇದೆ, ವಾಕಿಂಗ್ ಟ್ರ್ಯಾಕ್ ಇದೆ, ಜನ ಪ್ರೀತಿಯಿಂದ ನೋಡ್ಕೊಳ್ತಾರೆ, ಅದೆಲ್ಲಾ ಒಳ್ಳೇದೇ, ಆದ್ರೆ ನೀರು ಬರೋ ದಾರೀನ ಪ್ಲಾನಿನಲ್ಲಿ ಕಾಪಾಡದೆ ಏರಿ ಮೇಲೆ ಎಷ್ಟು ಖರ್ಚು ಮಾಡಿದ್ರೂ ಕೆರೆ ತುಂಬಲ್ಲ.

ನಂಗೆ ಈ ವಿಷಯ ಸರಿಯಾಗಿ ಕಲಿಸಿದ್ದು ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು. ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆ ಅಲ್ಲಿ ಊರೊಳಗಿನ ಹುಣಸೆ, ಅರಳಿ, ಅತ್ತಿ ಮರಗಳಲ್ಲೇ ಗೂಡು ಕಟ್ಟುತ್ವೆ. ಜನ ಓಡಿಸಲ್ಲ, ಮರದ ಕೆಳಗೆ ಬೀಳೋ ಹಿಕ್ಕೆ ಗೊಬ್ಬರ ಹೊಲಕ್ಕೆ ಹೋಗುತ್ತೆ, ಹಕ್ಕಿ ಕೂತು ಹುಣಸೆ ಫಸಲು ಕಮ್ಮಿ ಆದ್ರೆ ಅರಣ್ಯ ಇಲಾಖೆ ಮರದ ಯಜಮಾನರಿಗೆ ಪರಿಹಾರ ಕೊಡುತ್ತೆ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶ ಆಯ್ತು. ಮರ ಉಳೀತು, ಗೂಡು ಉಳೀತು ಅಂತಾನೇ ಇಟ್ಕೊಳಿ, ಹೆಜ್ಜಾರ್ಲೆಗೆ ಮೀನು ಎಲ್ಲಿಂದ ಬರ್ಬೇಕು? ಶಿಂಷೆಯಿಂದ, ಸುತ್ತಲಿನ ಊರುಗಳ ಕೆರೆಗಳಿಂದ. ಆ ಕೆರೆಗಳು ಬೇರೆ ಬೇರೆ ಪಂಚಾಯ್ತಿಗಳಲ್ಲಿವೆ, ಯಾವುದೋ ಕೆರೆ ಅಂಗಳಕ್ಕೆ ಮಣ್ಣು ಸುರಿದ್ರೆ ಕೊಕ್ಕರೆಬೆಳ್ಳೂರಿನ ಮರದ ಮೇಲಿನ ಮರಿ ಉಪವಾಸ ಬೀಳುತ್ತೆ. ಮೀಸಲು ಪ್ರದೇಶದ ಗೆರೆ ಒಳಗೆ ಮಾತ್ರ ನೋಡೋ ಪ್ಲಾನಿಗೆ ಇದು ಕಾಣೋದೇ ಇಲ್ಲ.

ಕುರುಚಲು ಕಾಡಿನ ಕಥೇನೂ ಅಷ್ಟೇ. ಬೋಳು ಗುಡ್ಡ, ವೇಸ್ಟ್ ಲ್ಯಾಂಡ್ ಅಂತ ಬರೆದು ಕ್ವಾರಿಗೋ ಇಂಡಸ್ಟ್ರಿಗೋ ಕೊಡ್ತೀವಿ. 1974ರಲ್ಲಿ ಮೇಲುಕೋಟೆ ಅಭಯಾರಣ್ಯ ಮಾಡಿದ್ದೇ ಆ ಥರದ ಗುಡ್ಡಗಳಲ್ಲಿರೋ ತೋಳಕ್ಕೋಸ್ಕರ. ಈಗ ನಮ್ಮ ಜಿಲ್ಲೆಗಳಲ್ಲಿ ಕಬ್ಬು ಕಡಿಯುವಾಗ ಗದ್ದೇಲಿ ಚಿರತೆ ಮರಿ ಸಿಗೋದು ಮಾಮೂಲಾಗಿಬಿಟ್ಟಿದೆ, ಗುಡ್ಡಾನೂ ಬಿಡದೆ ಒಡೀತಾ ಹೋದ್ರೆ ಚಿರತೆ ಇನ್ನಷ್ಟು ಊರ ಕಡೆಗೇ ಬರುತ್ತೆ.

ಹಾಗಾದ್ರೆ ಏನು ಮಾಡ್ಬೇಕು ಅಂತ ಕೇಳ್ತಾರೆ. ನಾನು ಮೊದಲು ಕೇಳೋದು ಹಳೇ ಗ್ರಾಮ ನಕ್ಷೆ. ಅದರಲ್ಲಿ ಹಳ್ಳ, ಕಾಲುವೆ, ಗುಂಡುತೋಪು, ಕೆರೆ, ಗೋಮಾಳ ಎಲ್ಲಾ ಗುರುತಿರುತ್ತೆ, ಅದನ್ನ ಈಗಿನ ಸ್ಯಾಟಲೈಟ್ ಚಿತ್ರದ ಮೇಲೆ ಕೂರಿಸ್ಬೇಕು. ಆಮೇಲೆ ಮಳೆ ಬರೋವಾಗ್ಲೇ ಜಾಗಕ್ಕೆ ಹೋಗ್ಬೇಕು, ಕುರಿ ಕಾಯೋರನ್ನ, ಕೆರೆ ನೀರು ಬಿಡೋ ನೀರುಗಂಟಿಗಳನ್ನ ಮಾತಾಡಿಸ್ಬೇಕು, ನೀರು ಎಲ್ಲಿ ನಿಲ್ಲುತ್ತೆ ಅನ್ನೋದು ಅವರಿಗೆ ಗೊತ್ತಿರೋಷ್ಟು ನಮ್ಮ ಸಾಫ್ಟ್‌ವೇರ್‌ಗೆ ಗೊತ್ತಿರಲ್ಲ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯ್ತೀಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರ್ಬೇಕು, ಊರಿನ ಗಿಡ ಮರ ಪ್ರಾಣಿ ಪಕ್ಷಿಗಳ ದಾಖಲಾತಿ ಪುಸ್ತಕ ಇರ್ಬೇಕು, ಅದು ಬೀರುವಿನಲ್ಲಿ ಧೂಳು ಹಿಡಿಯೋ ಬದಲು ಪ್ಲಾನರ್ ಟೇಬಲ್ ಮೇಲೆ ಬರ್ಬೇಕು.

ಇನ್ನೊಂದು, ಪ್ರತಿ ಲೇಔಟಲ್ಲೂ ಪಾರ್ಕಿಗೆ ಕಡ್ಡಾಯವಾಗಿ ಜಾಗ ಬಿಡ್ತಾರಲ್ಲ, ಸೈಟ್‌ಗಳೆಲ್ಲಾ ಕೂರಿಸಿ ಆದ್ಮೇಲೆ ಮೂಲೇಲಿ ಉಳಿದ ತ್ರಿಕೋನಾನ ಪಾರ್ಕ್ ಅಂತ ತೋರಿಸೋದು ರೂಢಿ. ಅದೇ ಜಾಗಾನ ಹಳ್ಳದ ಎರಡೂ ಬದಿಗೆ ಪಟ್ಟಿ ಥರ ಹಾಕಿ, ಪಕ್ಕದ ಲೇಔಟಿನ ಪಟ್ಟಿಗೂ ಸೇರೋ ಹಾಗೆ ಮಾಡಿದ್ರೆ ಸೈಟ್ ಏನೂ ಕಮ್ಮಿ ಆಗಲ್ಲ, ನೀರಿಗೂ ದಾರಿ, ಹಕ್ಕಿ ಪ್ರಾಣಿಗೂ ದಾರಿ. ಹುಲ್ಲುಹಾಸು, ಪೇವರ್ ಕಲ್ಲು ಬೇಡ, ಹೊಂಗೆ, ಅತ್ತಿ, ನೇರಳೆ ಹಾಕಿ ಸಾಕು.

ಇಷ್ಟೆಲ್ಲಾ ಹೇಳುವಾಗ ರೈತರ ಮಾತೂ ಕೇಳ್ಬೇಕು. ಎರಡು ಎಕರೆ ಇರೋ ಯಜಮಾನರು, ಸ್ವಾಮಿ, ಪಕ್ಕದವನ ಜಮೀನು ಹಳದಿ, ನಂದು ಹಸಿರು, ನಾನೇನು ಪಾಪ ಮಾಡಿದ್ದೆ ಅಂತ ಕೇಳಿದ್ರೆ ಅದು ನ್ಯಾಯವಾದ ಪ್ರಶ್ನೆ. ಅವರ ಗದ್ದೆ ಇಡೀ ಊರಿನ ನೀರು ಹಿಡಿದಿಟ್ಕೊಳ್ತಿದ್ರೆ ಆ ಖರ್ಚನ್ನ ಅವರೊಬ್ಬರ ತಲೆ ಮೇಲೆ ಹಾಕೋದು ಸರಿಯಲ್ಲ. ರಸ್ತೆ ಅಗಲ ಮಾಡೋಕೆ ಜಾಗ ಬಿಟ್ಟವರಿಗೆ ಟಿಡಿಆರ್, ಅಂದ್ರೆ ದುಡ್ಡಿನ ಬದಲು ಬೇರೆ ಕಡೆ ಹೆಚ್ಚು ಕಟ್ಟೋ ಅಥವಾ ಮಾರೋ ಹಕ್ಕು, ಕೊಡೋ ವ್ಯವಸ್ಥೆ ಇದೆ, ಕಾಲುವೆ ಪಕ್ಕ ಜಾಗ ಬಿಟ್ಟವರಿಗೂ ಹಾಗೇ ಕೊಡಿ ಅಂತ ನಾನು ಕೇಳ್ತಾನೇ ಇದೀನಿ, ಹುಣಸೆ ಮರಕ್ಕೆ ಪರಿಹಾರ ಕೊಡೋಕೆ ಆಗಿದ್ರೆ ಗದ್ದೆಗೂ ಆಗ್ಬೇಕು. ನಿಮ್ಮೂರಿನ ಮಾಸ್ಟರ್ ಪ್ಲಾನ್ ಕರಡು ಪ್ರಕಟ ಆದಾಗ ಆಕ್ಷೇಪಣೆಗೆ ಟೈಮ್ ಕೊಡ್ತಾರೆ, ಆಗ ಪರಿಸರ ಉಳಿಸಿ ಅಂತಷ್ಟೇ ಬರೆದುಕೊಡ್ಬೇಡಿ, ಇಂಥ ಸರ್ವೆ ನಂಬರಲ್ಲಿ ಇಂಥ ಹಳ್ಳ ಹರಿಯುತ್ತೆ, ಇಂಥ ಕೆರೆಗೆ ಸೇರುತ್ತೆ, ಪ್ಲಾನಲ್ಲಿ ಅದರ ಮೇಲೆ ರಸ್ತೆ ತೋರಿಸಿದೀರ ಅಂತ ಗ್ರಾಮ ನಕ್ಷೆ ನಕಲು, ಮಳೆಗಾಲದ ಫೋಟೋ ಎರಡೂ ಲಗತ್ತಿಸಿ ಕೊಡಿ, ಸ್ವೀಕೃತಿ ಸೀಲ್ ಹಾಕಿಸ್ಕೊಂಡು ಬನ್ನಿ.