ಯಾವ ಖಂಡದ ಮೇಲೆ ಮಾತನಾಡಿದರು?

ಅಡಿಕೆಯ ಕೊನೆಕೊಯ್ಲು ಮುಗಿಯುವ ಹೊತ್ತಿಗೆ ಬಜೆಟ್ ಬರುತ್ತದೆ. ಶಿವಮೊಗ್ಗದ ಮಂಡಿಗಳಲ್ಲಿ ರಾಶಿ, ಬೆಟ್ಟೆ ಎಂಬ ಅಡಿಕೆಯ ಬಗೆಗಳ ಮೂಟೆ ಇಳಿಯುತ್ತಿರುವಾಗಲೇ ತೆರಿಗೆ ಸಲಹೆಗಾರನಾದ ನನ್ನ ಕಚೇರಿಗೂ ಮಂಡಿಯವರು ಬರತೊಡಗುತ್ತಾರೆ. ಈಚೆಗೆ ಒಬ್ಬರು ಬ್ಯಾಂಕಿನ ಪಾಸ್‌ಪುಸ್ತಕದ ಜೊತೆಗೆ ಪತ್ರಿಕೆಯ ಒಂದು ತುಣುಕನ್ನೂ ತಂದಿದ್ದರು. ಜನಪ್ರತಿನಿಧಿಯೊಬ್ಬರು ಬಜೆಟ್ ಚರ್ಚೆಯಲ್ಲಿ ಅಡಿಕೆಯ ಮೇಲಿನ ತೆರಿಗೆಯ ವಿರುದ್ಧ ಗುಡುಗಿದರು ಎಂಬ ಸುದ್ದಿ. “ಇನ್ನು ಕಡಿಮೆಯಾಗುತ್ತದಲ್ಲ ಸಾರ್?” ಎಂದರು. “ಹಣಕಾಸು ವಿಧೇಯಕದ ಯಾವ ಖಂಡದ ಮೇಲೆ ಮಾತನಾಡಿದರಂತೆ?” ಎಂದು ಕೇಳಿದೆ. ಬಜೆಟ್ಟಿನ ತೆರಿಗೆ ಪ್ರಸ್ತಾವಗಳ ಮಸೂದೆ ಅದು; ಸಂಖ್ಯೆ ಹಾಕಿದ ಅದರ ಒಂದೊಂದು ಭಾಗವೂ ಒಂದು ಖಂಡ. ಅವರು ತುಣುಕನ್ನು ತಿರುಗಿಸಿ ನೋಡಿದರು. ಹಿಂದೆ ಚಿನ್ನದಂಗಡಿಯ ಜಾಹೀರಾತಿತ್ತು.

ಗುಡುಗಿದ್ದು ತಪ್ಪೇನಲ್ಲ. ಆದರೆ ಒಣ ಅಡಿಕೆಯ ಮೇಲಿನ 5% ಜಿಎಸ್‌ಟಿ ಅಂಥ ಭಾಷಣಕ್ಕೆ ಇಳಿಯುವುದಿಲ್ಲ. ಅದರ ದರ ಜಿಎಸ್‌ಟಿ ಮಂಡಳಿಯ ಶಿಫಾರಸಿನ ಮೇಲೆ ನಡೆಯುತ್ತದೆ. ಸಂವಿಧಾನದ 279ಎ ವಿಧಿಯ ಆ ಮಂಡಳಿಯಲ್ಲಿ ಕೂರುವವರು ಕೇಂದ್ರದ ಹಣಕಾಸು ಸಚಿವರು ಮತ್ತು ರಾಜ್ಯಗಳ ಸಚಿವರು. ಮತದ ತೂಕದಲ್ಲಿ ಮೂರನೇ ಒಂದು ಪಾಲು ಕೇಂದ್ರದ್ದು, ಉಳಿದದ್ದು ರಾಜ್ಯಗಳದ್ದು. ತೀರ್ಮಾನಕ್ಕೆ ನಾಲ್ಕರಲ್ಲಿ ಮೂರು ಪಾಲು ಬೇಕು. ಜಿಎಸ್‌ಟಿಯ ಅರ್ಜಿ ಹಿಡಿದವರು ರಾಜ್ಯದಿಂದ ಮಂಡಳಿಗೆ ಹೋಗುವ ಸಚಿವರ ಬಾಗಿಲು ತಟ್ಟುವುದು ಒಳ್ಳೆಯದು.

ಹಾಗಾದರೆ ಸಾಮಾನ್ಯ ಸಂಸದನೊಬ್ಬ ತೆರಿಗೆಯ ವಿಷಯದಲ್ಲಿ ಏನು ಮಾಡಬಲ್ಲ? ನಮ್ಮಲ್ಲಿ ಹೆಚ್ಚಿನವರಿಗೆ ಇದು ತಲೆಕೆಳಗಾಗಿ ಗೊತ್ತು. “ಕ್ಷೇತ್ರಕ್ಕೆ ಹೆಚ್ಚು ಅನುದಾನ ಕೊಡಿಸಿ” ಎಂದು ಅವರ ಬೆನ್ನು ಹತ್ತುತ್ತೇವೆ. 113ನೇ ವಿಧಿಯಡಿ ಲೋಕಸಭೆ ಸರ್ಕಾರದ ಅನುದಾನದ ಬೇಡಿಕೆಗೆ ಒಪ್ಪಬಹುದು, ನಿರಾಕರಿಸಬಹುದು, ಕಡಿತಗೊಳಿಸಿ ಒಪ್ಪಬಹುದು. ಹೆಚ್ಚಿಸುವಂತಿಲ್ಲ. ಕಡಿತ ಸೂಚನೆ ತರಬಹುದು: ನೀತಿಯನ್ನೇ ಒಪ್ಪದಿದ್ದರೆ ಬೇಡಿಕೆಯನ್ನು 1 ರೂಪಾಯಿಗೆ ಇಳಿಸಿ ಎಂದು, ನಿರ್ದಿಷ್ಟ ದೂರು ದಾಖಲಿಸಬೇಕಿದ್ದರೆ 100 ರೂಪಾಯಿ ಕಡಿತಗೊಳಿಸಿ ಎಂದು. ಚರ್ಚೆಗೆ ಇಟ್ಟ ದಿನಗಳು ಮುಗಿದಾಗ ಚರ್ಚೆಯಾಗದೆ ಉಳಿದ ಬೇಡಿಕೆಗಳನ್ನೆಲ್ಲ ಒಟ್ಟಿಗೆ ಮತಕ್ಕೆ ಹಾಕುತ್ತಾರೆ, ಅದಕ್ಕೆ ಗಿಲೋಟಿನ್, ಅಂದರೆ ತಲೆ ಕಡಿಯುವ ಯಂತ್ರ, ಎಂದು ಹೆಸರು. ಹೆಸರಿಟ್ಟವರಿಗೆ ಹಾಸ್ಯಪ್ರಜ್ಞೆಯಿತ್ತು.

ತೆರಿಗೆಯ ಕಡೆ ಮಾತ್ರ ಸಂವಿಧಾನ ಒಂದು ಕಿಟಕಿ ತೆರೆದಿಟ್ಟಿದೆ. ಹೊಸ ತೆರಿಗೆ ಹಾಕುವ ಅಥವಾ ಏರಿಸುವ ತಿದ್ದುಪಡಿಗೆ ರಾಷ್ಟ್ರಪತಿಯ ಶಿಫಾರಸು ಬೇಕು. ತೆರಿಗೆಯನ್ನು ಇಳಿಸುವ ಅಥವಾ ತೆಗೆದುಹಾಕುವ ತಿದ್ದುಪಡಿಗೆ ಅದು ಬೇಡ. 117ನೇ ವಿಧಿಯ ಮೊದಲ ಖಂಡದ ಪರಂತುಕ, ಅಂದರೆ ನಿಯಮಕ್ಕೆ ಜೋಡಿಸಿದ ವಿನಾಯಿತಿಯ ಮಾತು, ಇದು. ವಿಧಾನಸಭೆಗೆ ಇದೇ ಮಾತು 207ರಲ್ಲಿದೆ. ಕೊನೆಯ ಬೆಂಚಿನ ಸದಸ್ಯನೂ ಹಣಕಾಸು ವಿಧೇಯಕದ ಇಂಥ ಖಂಡದಲ್ಲಿ ಇಂಥ ಪದ ಬಿಡಿ, ಇಂಥ ಪದ ಸೇರಿಸಿ ಎಂದು ಬರೆದುಕೊಡಬಹುದು. ಬಹುಮತ ಇಲ್ಲದಿದ್ದರೆ ಬಿದ್ದುಹೋಗುತ್ತದೆ, ನಿಜ. ಆದರೂ ಸಚಿವರು ಅದಕ್ಕೆ ಎದ್ದು ಉತ್ತರ ಹೇಳಬೇಕಾಗಬಹುದು, ಆ ಉತ್ತರ ನಡಾವಳಿಯಲ್ಲಿ ಉಳಿಯುತ್ತದೆ.

ಒಂದು ಪದದ ಬೆಲೆ ಎಷ್ಟೆಂದು ಮಂಡಿಯವರಿಗೆ 2019ರಲ್ಲಿ ತಿಳಿಯಿತು. ಆ ವರ್ಷದ ಜುಲೈ ಬಜೆಟ್ ಆಗಿನ ಆದಾಯ ತೆರಿಗೆ ಕಾಯ್ದೆಗೆ 194ಎನ್ ಎಂಬ ಕಲಂ ಸೇರಿಸಿತು: ವರ್ಷಕ್ಕೆ 1 ಕೋಟಿಗಿಂತ ಹೆಚ್ಚು ನಗದು ತೆಗೆದರೆ ಹೆಚ್ಚಿನ ಮೊತ್ತದ ಮೇಲೆ 2% ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಬ್ಯಾಂಕು ಮುರಿದುಕೊಳ್ಳುವ ತೆರಿಗೆ. ವಿಧೇಯಕದಲ್ಲಿ ಮೊದಲು ಇದ್ದದ್ದು ಒಂದು ಖಾತೆಯ ಮಾತು. ಅಂಗೀಕಾರಕ್ಕೆ ಮುನ್ನ ಬಂದ ತಿದ್ದುಪಡಿ ಅದನ್ನು ‘ಒಂದು ಅಥವಾ ಹೆಚ್ಚು ಖಾತೆಗಳು’ ಎಂದು ಹಿಗ್ಗಿಸಿತು. ನಾಲ್ಕು ಖಾತೆಗಳಲ್ಲಿ ಹಂಚಿ ಪಾರಾಗಬಹುದೆಂದು ಲೆಕ್ಕ ಹಾಕಿದ್ದವರ ಲೆಕ್ಕ ಅಲ್ಲಿಗೆ ಮುಗಿಯಿತು.

ಬೆಳೆಗಾರನಿಗೆ ನಗದು ಕೊಡುವುದು ಅಡಿಕೆ ಮಂಡಿಯ ಹಳೆಯ ರೂಢಿ. ಒಂದೇ ಬ್ಯಾಂಕಿನಿಂದ ವರ್ಷಕ್ಕೆ 10 ಕೋಟಿ ನಗದು ತೆಗೆಯುವ ಮಂಡಿಗೆ 9 ಕೋಟಿಯ ಮೇಲೆ 18 ಲಕ್ಷ ಕಡಿತ. ಆ ಹಣ ಮಂಡಿಯವರ ಆದಾಯವಲ್ಲ, ಬೆಳೆಗಾರನ ಮಾರಾಟದ ಪಟ್ಟಿಯ ಹಣ; ಮಂಡಿಗೆ ಉಳಿಯುವುದು ಕಮಿಷನ್ ಮಾತ್ರ. ರಿಟರ್ನ್ ಸಲ್ಲಿಸಿ ವಾಪಸು ಪಡೆಯಬಹುದಾದರೂ ಅಷ್ಟು ದಿನ ಬಂಡವಾಳ ಸಿಕ್ಕಿಬಿದ್ದಂತೆ. ಸೆಪ್ಟೆಂಬರ್ 1ರಿಂದ ಕಲಂ ಜಾರಿಗೆ ಬಂತು, ಸೆಪ್ಟೆಂಬರ್ 20ರಂದು ವಿನಾಯಿತಿಯ ಅಧಿಸೂಚನೆ ಹೊರಟಿತು: ಎಪಿಎಂಸಿಯಲ್ಲಿ ನೋಂದಾಯಿತರಾದ ಕಮಿಷನ್ ಏಜೆಂಟರು, ವರ್ತಕರು ಪ್ಯಾನ್ ಕೊಟ್ಟು, ಈ ನಗದು ಕೃಷಿ ಉತ್ಪನ್ನಕ್ಕಾಗಿ ರೈತರಿಗೆ ಕೊಡಲು ಎಂದು ಬ್ಯಾಂಕಿಗೆ ಬರೆದುಕೊಟ್ಟರೆ ಕಡಿತವಿಲ್ಲ. ಇದು ಸಾಧ್ಯವಾದದ್ದು ರಿಸರ್ವ್ ಬ್ಯಾಂಕಿನೊಡನೆ ಸಮಾಲೋಚಿಸಿ ಸರ್ಕಾರ ವಿನಾಯಿತಿ ಕೊಡಬಹುದು ಎಂಬ ಪರಂತುಕ ಆ ಕಲಮಿನಲ್ಲೇ ಇದ್ದುದರಿಂದ. ಸಹಕಾರ ಸಂಘಗಳ ಮಿತಿಯನ್ನು 2023ರ ಬಜೆಟ್ 3 ಕೋಟಿಗೆ ಏರಿಸಿತು.

ಅದೇ 2023ರಲ್ಲಿ ತದ್ವಿರುದ್ಧವಾದದ್ದೂ ನಡೆಯಿತು. ಸಾಗರದ ಒಬ್ಬ ನಿವೃತ್ತ ಮೇಷ್ಟರು ಫೆಬ್ರುವರಿ 1ರ ಬಜೆಟ್ಟನ್ನು ಸಾಲು ಬಿಡದೆ ಓದಿ, ಸಾಲಪತ್ರಗಳಲ್ಲಿ ಹಣ ಹೂಡುವ ತಮ್ಮ ಮ್ಯೂಚುವಲ್ ಫಂಡಿಗೆ ತೊಂದರೆಯಿಲ್ಲ ಎಂದು ನಿಶ್ಚಿಂತರಾಗಿದ್ದರು. ಮಾರ್ಚ್ 24ರಂದು ಗದ್ದಲದ ನಡುವೆ, ಚರ್ಚೆಯಿಲ್ಲದೆ, ಸರ್ಕಾರದ 64 ತಿದ್ದುಪಡಿಗಳ ಸಮೇತ ಹಣಕಾಸು ವಿಧೇಯಕ ಲೋಕಸಭೆಯಲ್ಲಿ ಅಂಗೀಕಾರವಾಯಿತು. ಅದರಲ್ಲೊಂದು, ಏಪ್ರಿಲ್ 1ರಿಂದ ಕೊಳ್ಳುವ ಅಂಥ ಫಂಡುಗಳಿಗೆ, ಲಾಭದ ತೆರಿಗೆ ಲೆಕ್ಕ ಹಾಕುವಾಗ ಕೊಂಡ ಬೆಲೆಯನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸಿಕೊಳ್ಳುವ ಸೌಲಭ್ಯವನ್ನು ತೆಗೆಯಿತು. ಮೂಲ ವಿಧೇಯಕದಲ್ಲಿ ಈ ಮಾತೇ ಇರಲಿಲ್ಲ. ಮೇಷ್ಟರು ನನ್ನ ಮುಂದೆ ಕೂತು, “ನಾನು ಓದಿದ್ದು ತಪ್ಪೇ?” ಎಂದು ಕೇಳಿದರು. ಓದಿದ್ದು ಸರಿಯಾಗಿತ್ತು. ಆ ದಿನ ಆಡಳಿತ ಪಕ್ಷಕ್ಕೂ ವಿರೋಧ ಪಕ್ಷಕ್ಕೂ ಗದ್ದಲವೇ ಅನುಕೂಲವಾಗಿತ್ತು ಎಂಬುದು ನನ್ನ ಅಭಿಪ್ರಾಯ.

ಖಂಡ ಹಿಡಿದು ಮಾತನಾಡುವವರು ಇಲ್ಲವೆಂದಲ್ಲ. ಕೇರಳದ ಕೊಲ್ಲಂನ ಸಂಸದ ಎನ್.ಕೆ. ಪ್ರೇಮಚಂದ್ರನ್ ವಿಧೇಯಕಗಳಿಗೆ ಸಾಲುಸಾಲು ತಿದ್ದುಪಡಿ ಕೊಡುವವರೆಂದೇ ಹೆಸರಾದವರು. ಅವು ಹೆಚ್ಚಾಗಿ ಧ್ವನಿಮತಕ್ಕೆ ಬೀಳುತ್ತವೆ, ಮರುದಿನದ ಪತ್ರಿಕೆಯಲ್ಲಿ ಗುಡುಗಿನ ಸುದ್ದಿಯಾಗುವುದೂ ಇಲ್ಲ. ಇಂಗ್ಲಿಷ್ ಬಾರದೆಂಬ ನೆಪ ನಮ್ಮ ಜಿಲ್ಲೆಗಂತೂ ಒಪ್ಪುವುದಿಲ್ಲ. 1967ರಲ್ಲಿ ಶಿವಮೊಗ್ಗದಿಂದ ಆಯ್ಕೆಯಾದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತನಾಡಿದವರು.

ಮಂಡಿಯವರಿಗೆ ಇಷ್ಟನ್ನೂ ಹೇಳಲಿಲ್ಲ, ಲಾರಿ ಕಾಯುತ್ತಿತ್ತು. 2017ರಿಂದ ಬಜೆಟ್ ಸಾಮಾನ್ಯವಾಗಿ ಫೆಬ್ರುವರಿ 1ಕ್ಕೆ ಬರುವುದರಿಂದ ವಿಧೇಯಕ ಮತಕ್ಕೆ ಬರುವ ತನಕ ಕೆಲವು ವಾರಗಳಿರುತ್ತವೆ, ಅಷ್ಟರಲ್ಲಿ ನಿಮ್ಮ ತೊಂದರೆಯನ್ನು ಒಂದೇ ಹಾಳೆಯಲ್ಲಿ ಬರೆದು ಸಂಸದರ ಕಚೇರಿಗೆ ಕೊಡಿ ಎಂದೆ. ಅಲ್ಲೇ ಕೂತು ಬರೆದರು. ಹೊಗಳಿಕೆಗೇ ಅರ್ಧ ಹಾಳೆ ಹೋಗಿತ್ತು. ಅದನ್ನು ಹೊಡೆದುಹಾಕಿ, ಮೇಲೆ ಖಂಡದ ಸಂಖ್ಯೆ ಬರೆದುಕೊಟ್ಟೆ.