ಪ್ರಾಸ ಸಾಲಿನ ಕೊನೆಯಲ್ಲೇ ಇರಬೇಕಾ? ಮಾತ್ರೆ ಅಂದರೇನು?

ಪ್ರಾಸ ಅಂದ ಕೂಡಲೇ ಹೆಚ್ಚಿನವರ ಕಣ್ಣು ಸಾಲಿನ ಕೊನೆಗೆ ಹೋಗುತ್ತದೆ. ‘ಬಸ್ಸು ಬರಲಿಲ್ಲ, ಮಳೆ ಬಿಡಲಿಲ್ಲ’ ಅನ್ನೋ ಥರ. ಅದೂ ಪ್ರಾಸವೇ, ಅಂತ್ಯಪ್ರಾಸ. ಆದರೆ ಹಳಗನ್ನಡದ ಕವಿಗೆ ಮುಖ್ಯವಾದ ಪ್ರಾಸ ಸಾಲಿನ ತಲೆಯಲ್ಲಿ, ಎರಡನೇ ಅಕ್ಷರದಲ್ಲಿ ಇರುತ್ತಿತ್ತು. ಅದು ಆದಿಪ್ರಾಸ. ಉದಾಹರಣೆಗೆ ನಾನೇ ಎರಡು ಸಾಲು ಕಟ್ಟಿದ್ದೇನೆ:

ಕೆಸರು ತುಂಬಿದ ರಸ್ತೆ ದಾಟುತ
ಬಸವನಗುಡಿಗೆ ಹೋಗಿ ಬರುವೆನು

ಎರಡರಲ್ಲೂ ಎರಡನೇ ಅಕ್ಷರ ಸಕಾರ. ವ್ಯಂಜನ ಒಂದೇ ಇದ್ದರೆ ಸಾಕು, ಅದರ ಸ್ವರ ಬೇರೆ ಆಗಬಹುದು. ಆದರೆ ಮೊದಲ ಅಕ್ಷರಕ್ಕೂ ಒಂದು ಕಟ್ಟುಪಾಡಿದೆ. ಅದು ಹ್ರಸ್ವವಾದರೆ ಎಲ್ಲ ಸಾಲಲ್ಲೂ ಹ್ರಸ್ವವೇ ಬೇಕು, ಹಾಗಾಗಿ ‘ಕೆಸರು’ ಜೊತೆ ‘ದೋಸೆ’ ಹೊಂದಲ್ಲ. ಹ್ರಸ್ವ ಇದ್ದರೆ ಸಿಂಹಪ್ರಾಸ, ದೀರ್ಘ ಇದ್ದರೆ ಗಜಪ್ರಾಸ, ಸೊನ್ನೆ ಇದ್ದರೆ ವೃಷಭಪ್ರಾಸ, ಹೀಗೆ ಒಟ್ಟು 6 ಬಗೆ. ಎಲ್ಲಕ್ಕೂ ಪ್ರಾಣಿಗಳದ್ದೇ ಹೆಸರು, ನನಗಂತೂ ತುಂಬಾ ಇಷ್ಟ.

ತಲೆಯಲ್ಲೇ ಯಾಕೆ? ಹಳೆಯ ಪದ್ಯಗಳಲ್ಲಿ ಮಾತು ಸಾಲಿನ ಕೊನೆಗೆ ನಿಲ್ಲುವುದಿಲ್ಲ, ಕೆಲವು ಸಲ ಒಂದೇ ಪದ ಮುರಿದು ಅರ್ಧ ಮುಂದಿನ ಸಾಲಿಗೆ ಹೋಗಿರುತ್ತದೆ. ಅಂಥ ಕಡೆ ಕೊನೆಯ ಪ್ರಾಸ ಕಿವಿಗೆ ಬೀಳುವುದು ಕಷ್ಟ, ಹೊಸ ಸಾಲು ಶುರುವಾಯಿತು ಅಂತ ಹೇಳಲು ತಲೆಯ ಪ್ರಾಸವೇ ಸರಿ ಅನ್ನೋದು ನನ್ನ ಅನಿಸಿಕೆ. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಇದನ್ನು ಕೈಬಿಟ್ಟು ಬರೆದರು. ಆಗ ಅದು ದೊಡ್ಡ ಧೈರ್ಯದ ಕೆಲಸ.

ಇನ್ನು ಮಾತ್ರೆ. ಅಕ್ಷರ ಹೇಳಲು ಹಿಡಿಯುವ ಹೊತ್ತಿನ ಅಳತೆ ಅದು. ಲಘುವಿಗೆ 1, ಗುರುವಿಗೆ 2. ದೀರ್ಘ, ಸೊನ್ನೆ ಇರುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ, ಇವೆಲ್ಲ ಗುರು. ಬೆಂಗಳೂರಿನ ಬಸ್ ಬೋರ್ಡುಗಳಲ್ಲೇ ಎಣಿಸಿ ನೋಡಿ. ‘ಬಸವನಗುಡಿ’ಯಲ್ಲಿ 6 ಅಕ್ಷರ, ಎಲ್ಲ ಲಘು, 6 ಮಾತ್ರೆ. ‘ಮಲ್ಲೇಶ್ವರ’ದಲ್ಲಿ ನಾಲ್ಕೇ ಅಕ್ಷರ, ಆದರೂ 6 ಮಾತ್ರೆ! ‘ಲ್ಲೇ’ ಹಿಂದಿರುವ ‘ಮ’ ಗುರು, ‘ಲ್ಲೇ’ ದೀರ್ಘವಾದ್ದರಿಂದ ಅದೂ ಗುರು. ‘ಮಲ್ಲೇಶ್ವರಂ’ ಅಂದರೆ ಕೊನೆಯ ಸೊನ್ನೆಯಿಂದ 7 ಆಗುತ್ತದೆ. ‘ಬನಶಂಕರಿ’ಗೂ 6.

ಮೊತ್ತ ಒಂದೇ ಆದರೂ ನಡಿಗೆ ಒಂದೇ ಅಲ್ಲ. ‘ಬಸವ-ನಗುಡಿ’ 3+3 ಆಗಿ ಒಡೆಯುತ್ತದೆ, ‘ಮಲ್ಲೇ-ಶ್ವರ’ 4+2. ಹೀಗೆ ಮಾತ್ರೆಗಳನ್ನು ಗುಂಪು ಮಾಡಿದರೆ ಅದೇ ಗಣ. ಕುಮಾರವ್ಯಾಸ ಬಳಸಿದ ಭಾಮಿನಿ ಷಟ್ಪದಿಯಲ್ಲಿ 1, 2, 4, 5ನೇ ಸಾಲುಗಳು 3+4+3+4. ಮೇಲಿನ ನನ್ನ ಸಾಲುಗಳನ್ನು ಈಗ ಬಾಯಿಬಿಟ್ಟು ಓದಿ: ‘ಕೆಸರು-ತುಂಬಿದ-ರಸ್ತೆ-ದಾಟುತ’. ಅದೇ ನಡಿಗೆ ಅಲ್ವಾ? ಮೂರನೇ ಮತ್ತು ಆರನೇ ಸಾಲು ಉದ್ದ, 3+4 ಮೂರು ಸಲ ಬಂದು ಕೊನೆಗೆ ಒಂದು ಗುರು, ಒಟ್ಟು 23 ಮಾತ್ರೆ:

ಬಿಸಿಯ ದೋಸೆಯ ತಿಂದು ಕಾಫಿಯ ಕುಡಿಯದಿರುವೆನೆ ನಾ

ಅರ್ಧ ಷಟ್ಪದಿ ಆಯಿತು. ಉಳಿದ ಮೂರು ಸಾಲು ನೀವು ಕಟ್ಟಿ. ಎರಡನೇ ಅಕ್ಷರ ಸಕಾರವೇ ಇರಲಿ. ಬಿಸಿಲು, ಹಸಿವು, ಮೊಸರು, ಉಸಿರು, ಬೇಕಾದಷ್ಟು ಪದಗಳಿವೆ.