ಮೆಟಾಮಾಸ್ಕ್‌ನಿಂದ ‘ವಾಲೆಟ್ ಬಂದ್ ಮಾಡ್ತೀವಿ’ ಅಂತ ಮೇಲ್ ಬಂದೈತಿ, ಖರೇನೋ ಸುಳ್ಳೋ?

ಪ್ರಶ್ನೆ: ಅಣ್ಣಾ, ನಾನು ಕಾರಟಗಿಯಾಂವ. ಫೋನ್‌ನಾಗ ಮೆಟಾಮಾಸ್ಕ್ ಅನ್ನೋ ಕ್ರಿಪ್ಟೊ ವಾಲೆಟ್ ಆ್ಯಪ್ ಐತಿ, ಅದರಾಗ ಸ್ವಲ್ಪ ಇಥೀರಿಯಮ್, ಸ್ವಲ್ಪ ಯುಎಸ್‌ಡಿಟಿ (ಡಾಲರ್ ಬೆಲಿಗೆ ಕಟ್ಟಿದ ಕಾಯಿನ್) ಇಟ್ಟೀನಿ. ನಿನ್ನೆ ಮೇಲ್ ಬಂತು, 48 ತಾಸಿನೊಳಗ ಕೆವೈಸಿ ಮಾಡ್ಲಿಲ್ಲ ಅಂದ್ರ ವಾಲೆಟ್ ಸಸ್ಪೆಂಡ್ ಮಾಡ್ತೀವಿ ಅಂತ. ಮೆಟಾಮಾಸ್ಕ್‌ನ ನರಿ ಲೋಗೋ ಐತಿ, ಇಂಗ್ಲಿಷ್ ಚಲೋ ಐತಿ, ನನ್ನ ಹೆಸರೂ ಬರೋಬ್ಬರಿ ಹಾಕ್ಯಾರ. ಇದು ಖರೇನಾ? ಇಂಥಾವು ಹೆಂಗ ಗುರುತು ಹಿಡಿಯೋದು?

ಉತ್ತರ: ಸುಳ್ಳು ತಮ್ಮಾ, ನೂರಕ್ಕ ನೂರು ಸುಳ್ಳು. ಮೇಲ್ ನೋಡಲಾರ್ದ ಹೆಂಗ ಹೇಳ್ತಿ ಅಂತ ಕೇಳಬಹುದು, ಅದು ಏನು ಕೇಳೈತಿ ಅನ್ನೋದು ನೀನ ಬರ್ದೀಯಲ್ಲ, ನನಗ ಅಷ್ಟ ಸಾಕು. ಲೋಗೋ, ಇಂಗ್ಲಿಷ್, ಹೆಸರು ಇವು ಮೂರನ್ನೂ ಬಿಟ್ಟುಬಿಡು, ಲೋಗೋ ಯಾರು ಬೇಕಾದ್ರೂ ಕಾಪಿ ಮಾಡ್ತಾರ. ಮೊದಲ ಸ್ಪೆಲ್ಲಿಂಗ್ ತಪ್ಪು ಇದ್ರ ಕಳ್ಳ ಮೇಲ್ ಅಂತ ಹೇಳ್ತಿದ್ವಿ, ಈಗ ಎಐ ಬಂದ ಮ್ಯಾಲ ಕಳ್ಳರ ಇಂಗ್ಲಿಷ್ ಬ್ಯಾಂಕ್ ಮ್ಯಾನೇಜರಿಗಿಂತ ಚಲೋ ಇರ್ತೈತಿ. ಮೇಲ್ ಹೆಂಗ ಕಾಣ್ತೈತಿ ಅಂತ ನೋಡ್ಕೋತ ಕೂತ್ರ ಇವತ್ತಲ್ಲ ನಾಳೆ ಸಿಕ್ಕೊಂಡು ಬೀಳ್ತಿ. ಅದು ನಿನ್ನ ಕಡಿಂದ ಏನು ಬೇಡ್ತೈತಿ ಅಂತ ನೋಡು.

ಯಾಕ ಅಂದ್ರ ವಾಲೆಟ್ ಅಂದ್ರ ಏನು ಅನ್ನೋದು ಭಾಳ ಮಂದಿಗೆ ಸರಿಯಾಗಿ ಗೊತ್ತಿಲ್ಲ, ಕಳ್ಳರು ಬದುಕೋದ ಅದರ ಮ್ಯಾಲ. ನಮ್ಮ ಕಡಿ ಭತ್ತ ಗೋಡೌನ್‌ನಾಗ ಇಟ್ರ ರಸೀದಿ ಕೊಡ್ತಾರ, ಲೆಕ್ಕ ಅವರ ಪುಸ್ತಕದಾಗ ಇರ್ತೈತಿ, ಮಾಲು ಬಿಡೋದೂ ತಡಿಯೋದೂ ಅವರ ಕೈಯಾಗ ಇರ್ತೈತಿ. ಅದ ನಮ್ಮ ಅಜ್ಜಂದಿರು ಮನಿ ಮುಂದ ಹಗೇವು ತೋಡಿ ಜ್ವಾಳ ತುಂಬಿ ಮ್ಯಾಲ ಮಣ್ಣು ಮುಚ್ತಿದ್ರು, ಅದಕ್ಕ ರಸೀದಿ ಇಲ್ಲ, ಮ್ಯಾನೇಜರ್ ಇಲ್ಲ, ‘ನಿಮ್ಮ ಹಗೇವು ನಾಡಿದ್ದು ಬಂದ್ ಮಾಡ್ತೀವಿ’ ಅಂತ ಯಾರೂ ನೋಟಿಸ್ ಕಳಿಸಾಕ ಆಗ್ತಿರ್ಲಿಲ್ಲ. ಕಾಯಿನ್‌ಡಿಸಿಎಕ್ಸ್, ವಜೀರ್‌ಎಕ್ಸ್ ಅಂಥ, ಕಾಯಿನ್ ಕೊಳ್ಳೋ ಮಾರೋ ಎಕ್ಸ್‌ಚೇಂಜ್‌ಗೋಳು ಗೋಡೌನ್ ಇದ್ದಂಗ. ಮೆಟಾಮಾಸ್ಕ್, ಟ್ರಸ್ಟ್ ವಾಲೆಟ್, ಲೆಡ್ಜರ್ (ಇದು ಆ್ಯಪ್ ಅಲ್ಲ, ಕೀಲಿಕೈ ಇಟ್ಕೊಳ್ಳೋ ಸಣ್ಣ ಮಷೀನ್) ಇವೆಲ್ಲ ಹಗೇವು. ನಿನ್ನ ಕಾಯಿನ್ ಮೆಟಾಮಾಸ್ಕ್ ಕಂಪನಿ ಹತ್ರ ಇಲ್ಲ, ಬ್ಲಾಕ್‌ಚೈನ್ ಅನ್ನೋ, ಎಲ್ಲಾರೂ ನೋಡಬಹುದಾದ ಲೆಕ್ಕದ ಪುಸ್ತಕದ ಮ್ಯಾಲ ಅದಾವ, ಆ ಆ್ಯಪ್ ಬರೇ ಕೀಲಿಕೈ ಇಟ್ಕೊಳ್ಳೋ ಡಬ್ಬಿ. ಡಬ್ಬಿ ಮಾಡಿದಾಂವ ನಿನ್ನ ಹಗೇವು ಹೆಂಗ ಸಸ್ಪೆಂಡ್ ಮಾಡ್ತಾನ? ಆ್ಯಪ್ ಕೊಟ್ಟ ಹನ್ನೆರಡು ಇಂಗ್ಲಿಷ್ ಪದ ಬರ್ಕೊಂಡು ವಾಲೆಟ್ ತೆಗದಿ ಅಂದ್ರ ಅವತ್ತು ನಿನ್ನ ಇಮೇಲ್ ಕೂಡ ಕೇಳಿರಂಗಿಲ್ಲ, ನೆನಪು ಮಾಡ್ಕೊ. (ಈಗೀಗ ಗೂಗಲ್ ಲಾಗಿನ್‌ದಿಂದ ವಾಲೆಟ್ ಮಾಡೋ ದಾರಿನೂ ಬಂದೈತಿ, ಅಲ್ಲೂ ವಾಲೆಟ್ ಇಟ್ಕೊಳ್ಳಾಕ ಕೆವೈಸಿ ಬೇಕಿಲ್ಲ.)

ಕೆವೈಸಿ ಅಂದ ಕೂಡ್ಲೆ ನಾವು ಯಾಕ ನಂಬ್ತೀವಿ ಅಂದ್ರ ಎಕ್ಸ್‌ಚೇಂಜ್‌ನವರು ಖರೇನ ಕೇಳ್ತಾರ. 2023ರ ಮಾರ್ಚ್‌ನಾಗ ಸರ್ಕಾರ ಅವರನ್ನ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ ಅಡಿ ತಂತು, ಹಂಗಾಗಿ ಪ್ಯಾನು, ಗುರುತಿನ ಚೀಟಿ ಇಲ್ದ ಅಲ್ಲಿ ನಡಿಯಂಗಿಲ್ಲ. ಕಳ್ಳ ಏನು ಮಾಡ್ತಾನ, ಗೋಡೌನಿನ ರೂಲು ತಂದು ಹಗೇವಿಗೆ ಹಚ್ತಾನ.

ಈಗ ಆ ಹನ್ನೆರಡು ಪದದ ಸಮಾಚಾರ. 2048 ಇಂಗ್ಲಿಷ್ ಪದಗಳ ಒಂದು ಪಟ್ಟಿ ಐತಿ, ಬಿಐಪಿ-39 ಅಂತಾರ ಅದಕ್ಕ, ಅದರಾಗಿಂದ 12 ಇಲ್ಲಾ 24 ಪದ ಆರಿಸಿ ನಿನಗ ಕೊಟ್ಟಿರ್ತೈತಿ, ಅದ ಸೀಡ್ ಫ್ರೇಸ್. ನಿನ್ನ ಕೀಲಿಕೈ ಎಲ್ಲಾ ಆ ಪದಗಳಿಂದನ ಹುಟ್ಟತಾವ. ಆ ಪದ ಗೊತ್ತಿದ್ದಾಂವ ಜಗತ್ತಿನ ಯಾವ ಮೂಲ್ಯಾಗ ಕುಂತ್ರೂ ನಿನ್ನ ವಾಲೆಟ್ ತನ್ನ ಫೋನ್‌ನಾಗ ತಕ್ಕೋತಾನ, ಓಟಿಪಿ ಬರಂಗಿಲ್ಲ, ನಿನ್ನ ಪಾಸ್‌ವರ್ಡ್ ಬೇಕಾಗಂಗಿಲ್ಲ, ಪಾಸ್‌ವರ್ಡ್ ಅನ್ನೋದು ನಿನ್ನ ಫೋನ್‌ನಾಗಿನ ಡಬ್ಬಿಗೆ ಹಾಕಿದ ಚಿಲಕ ಅಷ್ಟ. ಅದಕ್ಕ ವೆರಿಫೈ, ಸಿಂಕ್, ಅಪ್‌ಗ್ರೇಡ್, ರೀಫಂಡ್, ಏರ್‌ಡ್ರಾಪ್ (ಫ್ರೀ ಕಾಯಿನ್) ಏನ ಹೆಸರು ಹೇಳ್ಲಿ, ಮೇಲ್‌ನಾಗಿಂದ ಹೋದ ಪೇಜ್ ಹನ್ನೆರಡು ಖಾಲಿ ಡಬ್ಬಿ ತೋರಿಸಿ ಪದ ತುಂಬು ಅಂತು ಅಂದ್ರ ಅಲ್ಲಿಗೆ ನಿನ್ನ ತನಿಖೆ ಮುಗೀತು. ಪದ ತುಂಬೋ ಕೆಲಸ ಬರೋದು ವಾಲೆಟ್ ಹೊಸದಾಗಿ ಮಾಡೋವಾಗ, ಇಲ್ಲಾ ಹೊಸಾ ಫೋನ್ ತಗೊಂಡೋ ಪಾಸ್‌ವರ್ಡ್ ಮರತೋ ವಾಲೆಟ್ ತಿರುಗಿ ಹಾಕ್ಕೊಳ್ಳೋವಾಗ, ಅದೂ ನೀನ ಆ್ಯಪ್ ತೆಗದು ಮಾಡೋದು, ಮೇಲ್ ಕರದಲ್ಲಿಗೆ ಹೋಗಿ ಅಲ್ಲ.

ಇದನ್ನ ಇಷ್ಟು ಒತ್ತಿ ಯಾಕ ಹೇಳ್ತೀನಿ ಅಂದ್ರ ನಾನು ಕಣ್ಣಾರೆ ನೋಡೀನಿ. ಗಂಗಾವತ್ಯಾಗ ನಂದು ಸಣ್ಣದೊಂದು ಆನ್‌ಲೈನ್ ಸೆಂಟರ್, ಪಹಣಿ, ಪ್ಯಾನ್ ಕಾರ್ಡ್, ಪರೀಕ್ಷಾ ಅರ್ಜಿ ಇದ ಕೆಲಸ. ಹೋದ ವರ್ಷ ಭತ್ತದ ಸುಗ್ಗಿ ಟೈಮ್‌ನಾಗ ರೈಸ್ ಮಿಲ್ಲಿನಾಗ ಲೆಕ್ಕ ಬರಿಯೋ ಒಬ್ಬ ಹುಡುಗ ರಾತ್ರಿ ಎಂಟರ ಸುಮಾರಿಗೆ ಬಂದ, ಅಂಗಿ ತೋಳಿನ ಮ್ಯಾಲ ಇನ್ನೂ ತೌಡಿನ ಧೂಳು ಹಂಗ ಇತ್ತು. ಮಧ್ಯಾಹ್ನ ಊಟದ ಬಿಡುವಿನಾಗ ಇಂಥದ ಮೇಲ್ ನೋಡಿ ಪದ ತುಂಬಿದ್ದ. ಅವನ ವಾಲೆಟ್ ಅಡ್ರೆಸ್ ಇಥೀರಿಯಮ್ ಲೆಕ್ಕ ತೋರಿಸೋ ಈಥರ್‌ಸ್ಕ್ಯಾನ್ ಸೈಟ್‌ನಾಗ ಹಾಕಿ ನೋಡಿದ್ವಿ, ಇಥೀರಿಯಮ್ ಹೊರಗ ಹೋಗಿದ್ದು ಒಂದು ಸಾಲು, ಅಷ್ಟ. ಆದ್ರ ಇನ್ನೊಂದು ಟೋಕನ್ (ಬೇರೆ ಥರದ ಕಾಯಿನ್) ಉಳಿದಿತ್ತು, ಅದನ್ನ ತೆಗಿಯಾಕ ಗ್ಯಾಸ್ ಫೀ, ಅಂದ್ರ ಇಥೀರಿಯಮ್‌ನಾಗ ಕಟ್ಟೋ ಸಾಗಿಸೋ ಖರ್ಚು, ಬೇಕು, ವಾಲೆಟ್‌ನಾಗ ಇಥೀರಿಯಮ್ ಸೊನ್ನಿ. ಅವನು ಗೆಳೆಯನ ಕಡಿಂದ ಸ್ವಲ್ಪ ಇಥೀರಿಯಮ್ ಹಾಕಿಸ್ಕೊಂಡ. ಬಂತು ಅಂತ ಸ್ಕ್ರೀನ್ ಮ್ಯಾಲ ಕಾಣ್ತು, ಪೇಜ್ ರಿಫ್ರೆಶ್ ಮಾಡೋದ್ರಾಗ ಅದೂ ಹೋಗಿತ್ತು. ಇನ್ನೊಂದ್ಸಲ ಹಾಕೋಣ ಅಂದ, ನಾ ಕೈ ಹಿಡಿದು ಬ್ಯಾಡ ಅಂದೆ. ಸ್ವೀಪರ್ ಬಾಟ್ ಅಂತಾರ ಇದಕ್ಕ, ಕಳ್ಳರು ಆ ವಾಲೆಟ್ ಮ್ಯಾಲ ಒಂದು ಪ್ರೋಗ್ರಾಮ್ ಕೂರಿಸಿರ್ತಾರ, ಇಥೀರಿಯಮ್‌ನಾಗ 12 ಸೆಕೆಂಡಿಗೆ ಒಂದು ಬ್ಲಾಕ್, ಅಂದ್ರ ವ್ಯವಹಾರಗಳ ಒಂದು ಕಟ್ಟು, ಲೆಕ್ಕಕ್ಕ ಸೇರ್ತೈತಿ, ನೀನು ಬೆರಳು ಎತ್ತೋದ್ರಾಗ ಅದು ಬಳ್ಕೊಂಡು ಹೋಗಿರ್ತೈತಿ. ಆ ಹುಡುಗ ಭಾಳ ಹೊತ್ತು ಮಾತಾಡ್ಲಿಲ್ಲ, ಎರಡು ವರ್ಷ ಪಗಾರದಾಗ ಉಳಿಸಿದ್ದು.

ಅವನ ಫೋನ್‌ನಾಗ ಆ ಮೇಲ್ ನಾನು ತೆಗೆದು ನೋಡ್ದೆ. ಕಳಿಸಿದವರ ಹೆಸರು ಮೆಟಾಮಾಸ್ಕ್ ಸಪೋರ್ಟ್ ಅಂತಿತ್ತು, ಫೋನ್‌ನಾಗ ಅಷ್ಟ ಕಾಣೋದು, ಹೆಸರಿನ ಮ್ಯಾಲ ಒತ್ತಿದ್ರ ಒಳಗ ಖರೇ ಅಡ್ರೆಸ್ ತೆರಿತೈತಿ, ಅಲ್ಲಿ ಇದ್ದದ್ದು ಯಾವುದೋ ದೇಶದ ಯಾವುದೋ ಫರ್ನಿಚರ್ ಅಂಗಡಿ ಇಮೇಲ್. ಅಂದ್ರ ಆ ಅಂಗಡಿ ಅಕೌಂಟ್ ಮೊದಲ ಹ್ಯಾಕ್ ಮಾಡಿ ಅದರಿಂದ ಕಳಿಸ್ಯಾರ, ಹಂಗಾಗಿ ಸ್ಪ್ಯಾಮ್ ಫಿಲ್ಟರೂ ಬಿಟ್ಟೈತಿ. ಬಟನ್ ಮ್ಯಾಲ ಬೆರಳು ಒತ್ತಿ ಹಿಡಿದ್ರ, ಸುಮ್ಮನ ಟಚ್ ಮಾಡಬ್ಯಾಡ, ಒತ್ತಿ ಹಿಡಿದ್ರ ಲಿಂಕ್ ಎಲ್ಲಿಗೆ ಹೋಗ್ತೈತಿ ಅಂತ ತೋರಿಸ್ತೈತಿ. ಆ ಅಡ್ರೆಸ್‌ನ ಬಲಗಡಿಂದ ಓದೋದು ಕಲಿ. ಶುರುವಿನ https:// ಬಿಟ್ಟು, ಅದಾದ ಮ್ಯಾಲ ಮೊದಲನೇ ಓರೆ ಗೆರಿ (/) ಎಲ್ಲಿ ಬರ್ತೈತಿ ನೋಡು, ಅದರ ಎಡಕ್ಕ ಹತ್ತಿಕೊಂಡು, ಡಾಟ್‌ನಿಂದ ಬೇರೆ ಆಗಿರೋ ಎರಡು ತುಂಡು, ಸಾಮಾನ್ಯವಾಗಿ ಅದ ಖರೇ ಮಾಲೀಕನ ಹೆಸರು. ‘ಮೆಟಾಮಾಸ್ಕ್ ಡಾಟ್ ಐಓ ಡಾಟ್ ವೆರಿಫೈ-ವಾಲೆಟ್ ಡಾಟ್ ಎಕ್ಸ್‌ವೈಝಡ್’ ಅಂತ ಇದ್ರ ಮಾಲೀಕ ಮೆಟಾಮಾಸ್ಕ್ ಅಲ್ಲ, ವೆರಿಫೈ-ವಾಲೆಟ್ ಅನ್ನೋ ಯಾವನೋ. ನಾವು ಎಡಗಡಿಂದ ಓದಿ ಮೆಟಾಮಾಸ್ಕ್ ಅಂತ ಕಂಡ ಕೂಡ್ಲೆ ನಿಂತುಬಿಡ್ತೀವಿ, ಅವರಿಗೆ ಬೇಕಾಗಿದ್ದೂ ಅದ.

ಅಕ್ಷರದ ಆಟಾನೂ ಐತಿ. ಇಂಗ್ಲಿಷ್ ಆರ್ ಮತ್ತ ಎನ್ ಜೋಡಿಸಿ ಬರದ್ರ ಸಣ್ಣ ಸ್ಕ್ರೀನ್‌ನಾಗ ಎಂ ಥರಾನ ಕಾಣ್ತೈತಿ. 2022ರ ಏಪ್ರಿಲ್‌ನಾಗ ಟ್ರೆಝರ್ ವಾಲೆಟ್ ಇದ್ದವರಿಗೆ ಆದದ್ದು ಕೇಳಿದ್ರ ಯಾರಾದ್ರೂ ಮೋಸ ಹೋಗ್ತಿದ್ರು ಅನ್ಸತೈತಿ. ಮೇಲ್‌ಚಿಂಪ್ ಅನ್ನೋ ಕಂಪನಿ ಮೂಲಕ ಟ್ರೆಝರ್‌ನವರು ನ್ಯೂಸ್‌ಲೆಟರ್ ಕಳಿಸ್ತಿದ್ರು, ಕಳ್ಳರು ಮೇಲ್‌ಚಿಂಪ್ ಒಳಗನ ಹೊಕ್ಕು ಗಿರಾಕಿಗಳ ಇಮೇಲ್ ಪಟ್ಟಿ ಹಿಡಿದು, ‘ನಮ್ಮ ಡೇಟಾ ಕಳುವಾಗೈತಿ, ಹೊಸ ಆ್ಯಪ್ ಹಾಕ್ಕೊಳ್ರಿ’ ಅಂತ ಕಳಿಸಿದ್ರು. ಲಿಂಕ್‌ನಾಗ ಟ್ರೆಝರ್ ಅಂತ ಬರೋಬ್ಬರಿ ಇತ್ತು, ಬರೇ ಒಂದು ಇ ಅಕ್ಷರದ ಕೆಳಗ ಸಣ್ಣ ಚುಕ್ಕಿ. ಸ್ಕ್ರೀನ್ ಮ್ಯಾಲ ಧೂಳು ಬಿದ್ದೈತಿ ಅನ್ಕೋಬೇಕು, ಅಷ್ಟ ಸಣ್ಣದು. ಅದಕ್ಕ ನಾನು ಹೇಳೋದು, ಅಡ್ರೆಸ್ ಓದೋದು ಕಲಿ, ಆದ್ರ ಅದರ ಮ್ಯಾಲ ಪೂರಾ ಭಾರ ಹಾಕಬ್ಯಾಡ, ಮೇಲ್‌ನಾಗಿನ ಲಿಂಕ್‌ನಿಂದ ವಾಲೆಟ್ ಕೆಲಸ ಮಾಡಂಗ ಇಲ್ಲ ಅಂತ ಒಂದು ರೂಢಿ ಮಾಡ್ಕೊ. ಏನರ ಅಪ್‌ಡೇಟ್ ಇದ್ರ ಪ್ಲೇ ಸ್ಟೋರ್‌ನಾಗ ಬರ್ತೈತಿ.

ನನ್ನ ಹೆಸರೂ ಬರೋಬ್ಬರಿ ಹಾಕ್ಯಾರ ಅಂದಿ, ಅದು ಅವರಿಗೆ ಹೆಂಗ ಗೊತ್ತಾತು? ಎಲ್ಲೋ ಸೋರಿರ್ತೈತಿ. 2020ರಾಗ ಲೆಡ್ಜರ್ ಕಂಪನಿಯ ಅಂಗಡಿ ಡೇಟಾ ಸೋರ್ತು, ಸುಮಾರು 10 ಲಕ್ಷ ಇಮೇಲ್, ಅದರಾಗ 2.72 ಲಕ್ಷ ಮಂದಿದು ಹೆಸರು, ಮನಿ ಅಡ್ರೆಸ್, ಫೋನ್ ನಂಬರ್ ಸಮೇತ, ಆ ವರ್ಷ ಡಿಸೆಂಬರ್‌ನಾಗ ಎಲ್ಲಾ ಬಯಲಿಗೆ ಬಿತ್ತು. ಆಮ್ಯಾಲ ಆ ಮಂದಿಗೆ ಹೆಸರು ಹಾಕಿನ ಕಳ್ಳ ಮೇಲ್ ಬರಾಕ ಹತ್ತಿದ್ವು, 2021ರಾಗ ಕೆಲವರ ಮನಿಗೆ ಪೋಸ್ಟ್‌ನಾಗ ನಕಲಿ ಲೆಡ್ಜರ್ ಮಷೀನನ ಬಂತು. ಕಾಯಿನ್ ಏನೂ ಕಳುವಾಗಿರ್ಲಿಲ್ಲ, ಕಳುವಾಗಿದ್ದು ಬರೇ ಗಿರಾಕಿಗಳ ಪಟ್ಟಿ, ಆದ್ರ ಕಳ್ಳರಿಗೆ ಯಾರ ಮನಿ ಬಾಗಲಾ ಬಡಿಬೇಕು ಅನ್ನೋದು ಗೊತ್ತಾಗಿತ್ತು. ಹಂಗಾಗಿ ಮೇಲ್‌ನಾಗ ನಿನ್ನ ಹೆಸರು, ಊರು, ಫೋನ್ ನಂಬರ್ ಇದ್ರೂ ಅದು ಸಾಕ್ಷಿ ಅಲ್ಲ.

ಪದ ಕೇಳದ ಇರೋ ಇನ್ನೊಂದು ಜಾತಿ ಮೇಲ್ ಐತಿ, ಇದು ಇನ್ನೂ ಕಷ್ಟ. ‘ನಿನಗ ಫ್ರೀ ಟೋಕನ್ ಬಂದಾವ, ವಾಲೆಟ್ ಕನೆಕ್ಟ್ ಮಾಡಿ ಕ್ಲೇಮ್ ಮಾಡ್ಕೊ’ ಅಂತ ಬರ್ತೈತಿ. ಕನೆಕ್ಟ್ ಮಾಡ್ದಿ, ಒಂದು ಪಾಪ್ಅಪ್ ಬಂತು, ಓದಲಾರ್ದ ಕನ್ಫರ್ಮ್ ಒತ್ತಿದಿ, ಅಲ್ಲಿ ಅಪ್ರೂವ್ ಇಲ್ಲಾ ಪರ್ಮಿಟ್ ಅಂತ ಇತ್ತು ಅಂದ್ರ ನಿನ್ನ ಯುಎಸ್‌ಡಿಟಿ ಎಷ್ಟು ಬೇಕಾದ್ರೂ ಯಾವಾಗ ಬೇಕಾದ್ರೂ ತಕ್ಕೊ ಅಂತ ಅವನಿಗೆ ಪರವಾನಗಿ ಕೊಟ್ಟಂಗ, ಖಾಲಿ ಬಾಂಡ್ ಪೇಪರ್ ಮ್ಯಾಲ ಸಹಿ ಹಾಕಿ ಕೊಟ್ಟಂಗ. ಇವತ್ತ ಹೋಗಬಹುದು, ಇಲ್ಲಾ ತಿಂಗಳ ಬಿಟ್ಟು ಹೋಗಬಹುದು. ಹೊಸ ಥರದ್ದು ಅಂದ್ರ ಮೇಲ್‌ನಾಗ ಲಿಂಕ್ ಬದ್ಲಿ ಕ್ಯೂಆರ್ ಕೋಡ್ ಹಾಕಿರ್ತಾರ, ಚಾ ಅಂಗಡ್ಯಾಗ ದಿನಾ ಫೋನ್‌ಪೇ ಸ್ಕ್ಯಾನ್ ಮಾಡೋ ಕೈ ನಮ್ಮದು, ಯೋಚ್ನೆ ಮಾಡಲಾರ್ದ ಸ್ಕ್ಯಾನ್ ಮಾಡಿಬಿಡ್ತೀವಿ.

ಎಕ್ಸ್‌ಚೇಂಜ್ ಹೆಸರಿನ ಮೇಲ್ ಬಂದ್ರ ಮಾತ್ರ ಖರೇನೂ ಇರಬಹುದು, ಅವರ ಹತ್ರ ನಿನ್ನ ಇಮೇಲ್ ಐತಿ. ಆಗ ಮೇಲ್ ಬಿಟ್ಟು ಅವರ ಆ್ಯಪ್ ನೀನ ತೆಗಿ, ಖರೇ ಇದ್ರ ನೋಟಿಸ್ ಅಲ್ಲೂ ಇರ್ತೈತಿ. ದೊಡ್ಡ ಸುದ್ದಿ ಆದ ವಾರ ಇನ್ನೂ ಹುಷಾರಿರು. 2024ರ ಜುಲೈ 18ಕ್ಕ ವಜೀರ್‌ಎಕ್ಸ್‌ನಿಂದ 23 ಕೋಟಿ ಡಾಲರ್‌ಗಿಂತ ಹೆಚ್ಚು ಕಳುವಾದಾಗ ಮಂದಿ ಎಷ್ಟು ಗಾಬರಿ ಆಗಿದ್ರು, ಅಂಥಾ ಹೊತ್ತಿನಾಗ ‘ನಿಮ್ಮ ರೊಕ್ಕ ವಾಪಸ್ ತಗೊಳ್ರಿ’ ಅಂದ್ರ ಯಾರಾದ್ರೂ ಒತ್ತಿಬಿಡ್ತಾರ. ಇನ್‌ಕಮ್ ಟ್ಯಾಕ್ಸ್ ಹೆಸರಿಲೆ ಬಂದ್ರೂ ಹಂಗ, 2022ರಿಂದ ಕ್ರಿಪ್ಟೊ ಲಾಭದ ಮ್ಯಾಲ ಶೇ 30 ಟ್ಯಾಕ್ಸ್ ಐತಿ, ನೋಟಿಸ್ ಬರಬಹುದು, ಇ-ಫೈಲಿಂಗ್ ಪೋರ್ಟಲ್‌ಗೆ ಲಾಗಿನ್ ಆಗಿ ನೋಡು, ಟ್ಯಾಕ್ಸ್ ಆಫೀಸಿನವರು ವಾಲೆಟ್ ಕನೆಕ್ಟ್ ಮಾಡು ಅನ್ನಂಗಿಲ್ಲ.

ನೀನು ಏನೂ ತುಂಬಿಲ್ಲ, ಬರೇ ಮೇಲ್ ತೆಗದು ನೋಡೀ ಅಂದ್ರ ಚಿಂತಿ ಬ್ಯಾಡ, ಸ್ಪ್ಯಾಮ್ ಅಂತ ರಿಪೋರ್ಟ್ ಮಾಡಿ ಅಳಿಸು. ಪದ ತುಂಬಿದ್ರ ಪಾಸ್‌ವರ್ಡ್ ಬದಲಿಸ್ಕೋತ ಕೂರಬ್ಯಾಡ, ಬೇರೆ ಫೋನ್‌ನಾಗ ಹೊಸಾ ಪದಗಳ ಹೊಸಾ ವಾಲೆಟ್ ತೆಗದು ಇದ್ದದ್ದೆಲ್ಲ ಲಗೂನ ಅದಕ್ಕ ಕಳಿಸು, ಹಳೇ ವಾಲೆಟ್ ಕಥಿ ಮುಗೀತು. ಅಪ್ರೂವ್ ಅಷ್ಟ ಒತ್ತಿದ್ರ ರಿವೋಕ್ ಡಾಟ್ ಕ್ಯಾಶ್ ಅನ್ನೋ ಸೈಟ್‌ನಾಗ ಆ ಪರವಾನಗಿ ವಾಪಸ್ ತಕ್ಕೋಬಹುದು. ರೊಕ್ಕ ಹೋಗಿದ್ರ 1930ಕ್ಕ ಫೋನ್ ಹಚ್ಚು, ಸೈಬರ್ ಕ್ರೈಮ್ ಪೋರ್ಟಲ್‌ನಾಗ ಕಂಪ್ಲೇಂಟ್ ಹಾಕು, ಕೊಪ್ಪಳದಾಗ ಸೈಬರ್ ಅಪರಾಧ ನೋಡೋ ಸೆನ್ ಪೊಲೀಸ್ ಠಾಣೆ ಐತಿ ಅಲ್ಲಿಗೆ ಹೋಗು, ಹೋಗೋವಾಗ ಆ ಮೇಲ್ ಅಳಿಸದಂಗ ಇಟ್ಕೊಂಡು, ಟ್ರಾನ್ಸಾಕ್ಷನ್ ಹ್ಯಾಶ್ (ವ್ಯವಹಾರದ ಗುರುತಿನ ನಂಬರ್), ಕಳ್ಳನ ವಾಲೆಟ್ ಅಡ್ರೆಸ್ ಬರ್ಕೊಂಡು ಹೋಗು. ಬ್ಲಾಕ್‌ಚೈನ್‌ನಾಗ ಹೋದದ್ದು ತಿರುಗಿಸಾಕ ಆಗಂಗಿಲ್ಲ, ಆದ್ರ ಕಳ್ಳ ಅದನ್ನ ಯಾವುದರ ಎಕ್ಸ್‌ಚೇಂಜ್‌ಗೆ ಒಯ್ದ್ರ ಪೊಲೀಸರು ಅಲ್ಲಿ ತಡಿಬಹುದು. ಮತ್ತ ‘ಹೋದ ಕಾಯಿನ್ ವಾಪಸ್ ತರ್ತೀವಿ, ಮೊದಲ ಫೀ ಕಳಿಸು’ ಅಂತ ಯಾರರ ಬಂದ್ರ ಅವರೂ ಕಳ್ಳರ, ಮಿಲ್ಲಿನ ಹುಡುಗನಿಗೆ ಒಂದ ವಾರದಾಗ ಇಬ್ಬರು ಹಂಗ ಮೆಸೇಜ್ ಹಾಕಿದ್ರು.

ಕೊನಿಗೆ ನಾನು ನಿನ್ನ ಒಂದು ಕೇಳ್ತೀನಿ, ಆ ಹನ್ನೆರಡು ಪದ ಈಗ ಎಲ್ಲಿ ಇಟ್ಟಿ? ನನ್ನ ಅಂಗಡಿಗೆ ಬರೋರಿಗೆ ಕೇಳಿದ್ರ ಭಾಳ ಮಂದಿ ಫೋಟೋ ಹೊಡದು ಇಟ್ಟೀನಿ, ಇಲ್ಲಾ ನನಗ ನಾನ ಮೇಲ್ ಮಾಡ್ಕೊಂಡೀನಿ ಅಂತಾರ. ಹಂಗಿದ್ರ ಕಳ್ಳನಿಗೆ ಮೆಟಾಮಾಸ್ಕ್ ಹೆಸರಿನ ಮೇಲೂ ಬೇಕಾಗಿಲ್ಲ, ನಿನ್ನ ಜಿಮೇಲ್ ಪಾಸ್‌ವರ್ಡ್ ಒಂದು ಸಿಕ್ರ ಒಳಗ ಹುಡುಕಿ ತಕ್ಕೋತಾನ. ಗೂಗಲ್ ಫೋಟೋಸ್‌ನಾಗೂ, ಅಲ್ಲಿನ ಟ್ರ್ಯಾಶ್‌ನಾಗೂ ನೋಡಿ ಅಳಿಸು, ಇಷ್ಟು ದಿನ ಅಲ್ಲಿ ಬಿದ್ದಿತ್ತು ಅಂದ್ರ ಇವತ್ತ ಹೊಸಾ ವಾಲೆಟ್ ಮಾಡಿ ಕಾಯಿನ್ ಸಾಗಿಸು, ಹೊಸಾ ಪದ ಹಾಳಿ ಮ್ಯಾಲ ಪೆನ್ನಿನಿಂದ ಬರಿ, ಎರಡು ಪ್ರತಿ ಮಾಡು, ಒಂದು ಹೊಲದ ಪತ್ರ ಇಟ್ಟಿರ್ತೀಯಲ್ಲ ಆ ಟ್ರಂಕ್‌ನಾಗ ಇಡು, ಇನ್ನೊಂದು ಬೇರೆ ಮನ್ಯಾಗ, ನೀನು ಕಣ್ಣು ಮುಚ್ಚಿ ನಂಬೋರ ಹತ್ರ.